ಕೆಲಸ ಬರುವ ದಾರಿ

ಪೀಣ್ಯ ಎರಡನೇ ಹಂತದ ಒಂದು ಅಡ್ಡರಸ್ತೆ. ಭಾನುವಾರ ಬೆಳಗ್ಗೆ. ಗ್ರೈಂಡಿಂಗ್ ಶೆಡ್ಡಿನ ರೋಲಿಂಗ್ ಶಟರ್ ಅರ್ಧ ಎತ್ತಿದೆ. ಒಳಗೆ ಎರಡು ಸಿಲಿಂಡ್ರಿಕಲ್ ಗ್ರೈಂಡಿಂಗ್ ಮೆಷಿನ್ ಸುಮ್ಮನೆ ನಿಂತಿವೆ. ಮೇಜಿನ ಮೇಲೆ ಒಂದು ಟ್ರೇ ತುಂಬ ಬುಷ್‌ಗಳು, ಪಕ್ಕದಲ್ಲಿ ಅಂಗಡಿಯಿಂದ ತರಿಸಿದ ಎರಡು ಲೋಟ ಟೀ. ಶೆಡ್ಡಿನ ಯಜಮಾನರಿಗೆ ಅರವತ್ತು ದಾಟಿದೆ. ಎದುರಿಗೆ ಕೂತವಳು ಅವರ ಅಣ್ಣನ ಮಗಳು. ಅಪ್ಪನ ಟರ್ನಿಂಗ್ ಶಾಪನ್ನು ಎರಡು ವರ್ಷದಿಂದ ಅವಳೇ ನೋಡಿಕೊಳ್ಳುತ್ತಿದ್ದಾಳೆ.

ಮಗಳು: ಶುಕ್ರವಾರ ಮೇಲ್ ಬಂತು ಚಿಕ್ಕಪ್ಪ. ಮುಂದಿನ ತಿಂಗಳಿಂದ ಶೆಡ್ಯೂಲ್ ಇಲ್ಲವಂತೆ. ಹನ್ನೆರಡು ವರ್ಷದ ಗಿರಾಕಿ, ಎರಡು ಸಾಲಲ್ಲಿ ಮುಗಿಸಿಬಿಟ್ಟಿದ್ದಾರೆ.

ಚಿಕ್ಕಪ್ಪ: ಅಪ್ಪನಿಗೆ ಹೇಳಿದೆಯಾ?

ಮಗಳು: ಹೇಳಿದೆ. ಏನೂ ಮಾತಾಡ್ಲಿಲ್ಲ. ಎದ್ದು ಹೋಗಿ ಗಿಡಕ್ಕೆ ನೀರು ಹಾಕಿದ್ರು.

ಚಿಕ್ಕಪ್ಪ: ಕಾರಣ ಏನಂತೆ?

ಮಗಳು: ಪ್ಲಾಂಟನ್ನೇ ಬೇರೆ ರಾಜ್ಯಕ್ಕೆ ಎತ್ತಿಕೊಂಡು ಹೋಗ್ತಿದ್ದಾರೆ. ಅಲ್ಲೇ ಹತ್ತಿರದಲ್ಲಿ ವೆಂಡರ್‌ಗಳನ್ನ ನೋಡಿಕೊಂಡಿದ್ದಾರೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಅವರ ಲೈನ್ ನಮ್ಮಿಂದ ನಿಂತಿಲ್ಲ.

ಚಿಕ್ಕಪ್ಪ: ನಿನ್ನ ಒಟ್ಟು ಬಿಲ್ಲಿನಲ್ಲಿ ಅವರದೆಷ್ಟು?

ಮಗಳು: ನೂರಕ್ಕೆ ಎಪ್ಪತ್ತೆಂಟು. ಅದೇ ನನ್ನ ಭಯ. ಉಳಿದ ಇಪ್ಪತ್ತೆರಡರಲ್ಲಿ ಮೆಷಿನ್ ಕಂತು ಕಟ್ಟಿದ್ರೆ ಹುಡುಗರಿಗೆ ಸಂಬಳ ಇಲ್ಲ, ಸಂಬಳ ಕೊಟ್ರೆ ಕಂತಿಲ್ಲ.

ಚಿಕ್ಕಪ್ಪ: ಒಬ್ಬನೇ ಗಿರಾಕಿ ಮೂರರಲ್ಲಿ ಒಂದು ಪಾಲು ದಾಟಿದ ದಿನವೇ ಇನ್ನೊಬ್ಬನನ್ನ ಹುಡುಕಬೇಕಿತ್ತು. ನಿಮ್ಮಪ್ಪನಿಗೆ ನಾನು ಹೇಳಿದ್ದೆ. ಆಗ ಅವನ ಮೆಷಿನ್ ಮೂರು ಶಿಫ್ಟ್ ಓಡ್ತಿತ್ತು. ಓಡೋ ಮೆಷಿನ್ ಮುಂದೆ ನಿಂತವನಿಗೆ ಈ ಮಾತು ಕೇಳಿಸಲ್ಲ. ನನಗೂ ಒಂದು ಕಾಲದಲ್ಲಿ ಕೇಳಿಸಿರ್ಲಿಲ್ಲ. ಹೋಗಲಿ, ಈಗ ಏನು ಮಾಡ್ತಿದ್ದೀಯ?

ಮಗಳು: ಇನ್ನೂರು ಕಂಪನಿಗಳ ಪಟ್ಟಿ ಮಾಡಿದ್ದೀನಿ. ಎಲ್ಲರಿಗೂ ನಮ್ಮ ಪ್ರೊಫೈಲ್ ಮೇಲ್ ಮಾಡಿದೆ, ಪರ್ಚೇಸ್‌ನವರ ನಂಬರ್ ಸಿಕ್ಕ ಕಡೆ ವಾಟ್ಸಾಪ್ ಮಾಡಿದೆ. ಬೊಮ್ಮಸಂದ್ರಕ್ಕೆ, ಬಿಡದಿಗೆ ಹೋಗಿ ಬಂದೆ. ಒಳಗೆ ಬಿಡ್ಲಿಲ್ಲ. ಸೆಕ್ಯುರಿಟಿಯವನು ಕಾರ್ಡ್ ತಗೊಂಡು ಒಂದು ಡಬ್ಬಕ್ಕೆ ಹಾಕಿದ. ಡಬ್ಬ ಆಗಲೇ ತುಂಬಿತ್ತು.

ಚಿಕ್ಕಪ್ಪ: ಆ ಪ್ರೊಫೈಲಲ್ಲಿ ಏನಿದೆ?

ಮಗಳು: ಎರಡು ಸಿಎನ್‌ಸಿ ಟರ್ನಿಂಗ್ ಸೆಂಟರ್, ಒಂದು ವಿಎಂಸಿ, ಅಪ್ಪನ ಎನ್‌ಎಚ್ 22 ಲೇಥ್. ಐಎಸ್‌ಒ 9001 ಸರ್ಟಿಫಿಕೇಟ್. ಗುಣಮಟ್ಟ, ಸಕಾಲ, ಮಿತದರ ಅಂತ ಕೆಳಗೆ ಒಂದು ಸಾಲು.

ಚಿಕ್ಕಪ್ಪ: ಈ ರಸ್ತೆ ಈ ತುದಿಯಿಂದ ಆ ತುದಿಗೆ ನಡ್ಕೊಂಡು ಹೋಗು. ಎಲ್ಲರ ಪ್ರೊಫೈಲೂ ಅದೇ. ಹೆಸರು ಮುಚ್ಚಿಟ್ರೆ ಯಾರದು ಯಾವುದು ಅಂತ ನನಗೇ ಗೊತ್ತಾಗಲ್ಲ. ಪರ್ಚೇಸಲ್ಲಿ ಕೂತವನ ಕಡೆಯಿಂದ ಯೋಚನೆ ಮಾಡು. ಅವನ ಹತ್ರ ಟರ್ನಿಂಗ್‌ಗೆ ಎಂಟು ವೆಂಡರ್ ಇರ್ತಾರೆ. ಒಂಬತ್ತನೆಯವಳಾಗಿ ನಿನ್ನನ್ನ ಸೇರಿಸ್ಕೊಂಡ್ರೆ ಅವನಿಗೆ ಸಿಗೋದೇನು? ಕ್ವಾಲಿಟಿಯವರನ್ನ ಆಡಿಟ್‌ಗೆ ಕಳಿಸಬೇಕು, ಸ್ಯಾಂಪಲ್ ಅಪ್ರೂವ್ ಮಾಡಿಸಬೇಕು, ನಾಳೆ ನಿನ್ನ ಪೀಸು ಅಸೆಂಬ್ಲಿಯಲ್ಲಿ ಕೂರದೇ ಇದ್ರೆ, ಇವಳನ್ನ ತಂದವರು ಯಾರು ಅಂತ ಅವನನ್ನೇ ಕೇಳ್ತಾರೆ. ಎರಡು ರೂಪಾಯಿ ಉಳಿತಾಯಕ್ಕೆ ಇಷ್ಟೆಲ್ಲ ತಲೆನೋವು ಯಾರಿಗೆ ಬೇಕು?

ಮಗಳು: ಹಾಗಾದ್ರೆ ಹೊಸಬರಿಗೆ ಬಾಗಿಲೇ ಇಲ್ಲವಾ?

ಚಿಕ್ಕಪ್ಪ: ಇದೆ ಕಣಮ್ಮ. ಆ ಎಂಟು ಜನದಲ್ಲಿ ಒಬ್ಬ ಕೈ ಕೊಟ್ಟ ದಿನ ತೆರೆಯುತ್ತೆ. ಒಂದು ಪೀಸು ಆರು ವಾರದಿಂದ ಸರಿ ಬರ್ತಿಲ್ಲ, ಮೇಲಿನವರು ಬಯ್ತಿದ್ದಾರೆ, ಆ ಹೊತ್ತಿಗೆ ಯಾರೋ ಗುರುತಿನವರು ನಿನ್ನ ಹೆಸರು ಹೇಳಬೇಕು. ಡಬ್ಬದೊಳಗಿನ ಕಾರ್ಡು ಹೇಳಲ್ಲ, ಮನುಷ್ಯರು ಹೇಳಬೇಕು. ಆ ಮನುಷ್ಯರು ಯಾರು ಅನ್ನೋದೇ ಪ್ರಶ್ನೆ.

ಮಗಳು: ಅಪ್ಪನಿಗೆ ಯಾರು ಹೇಳಿದ್ರು?

ಚಿಕ್ಕಪ್ಪ: ಅಪ್ಪನ ಕಾಲವೇ ಬೇರೆ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಬಂತು, ಮಾರನೇ ವರ್ಷ ಬಿಇಎಲ್. ಎರಡರ ನೆರಳಲ್ಲೇ ಈ ಪೀಣ್ಯ ಬೆಳೆದದ್ದು. ಎಚ್‌ಎಂಟಿಯಲ್ಲಿ ಅಪ್ರೆಂಟಿಸ್ ಆದವನು ಲೇಥ್ ಮಾತ್ರ ಕಲೀತಿರ್ಲಿಲ್ಲ. ಜೊತೆಗೆ ಫೋರ್‌ಮನ್, ಇನ್‌ಸ್ಪೆಕ್ಟರ್, ಸ್ಟೋರ್ಸ್‌ನವರು, ಇಷ್ಟು ಜನರ ಪರಿಚಯ ಕಟ್ಟಿಕೊಂಡು ಆಚೆ ಬರ್ತಿದ್ದ. ನಿಮ್ಮಪ್ಪ ಒಂದೇ ಒಂದು ಲೇಥ್ ಇಟ್ಟು ಶೆಡ್ ಶುರು ಮಾಡಿದಾಗ ಮೊದಲ ಕೆಲಸ ಕೊಟ್ಟದ್ದು ಅವನ ಹಳೇ ಸೆಕ್ಷನ್ನಿನವರೇ. ಅವನ ಕೈ ಎಂಥದು ಅಂತ ಅವರು ಕಣ್ಣಾರೆ ಕಂಡಿದ್ರು. ಕೊಟೇಶನ್ನಿಗಿಂತ ಮುಂಚೆ ನಂಬಿಕೆ ಇತ್ತು.

ಮಗಳು: ಅವರೆಲ್ಲ ಈಗ ರಿಟೈರ್ ಆಗಿದ್ದಾರೆ.

ಚಿಕ್ಕಪ್ಪ: ಹೌದು. ಅದಕ್ಕೇ ಎರಡನೇ ತಲೆಮಾರಿನ ಎಷ್ಟೋ ಶಾಪುಗಳು ಇವತ್ತು ಒದ್ದಾಡ್ತಿವೆ. ಅಪ್ಪ ಬಿಟ್ಟುಹೋದ ಮೆಷಿನ್ ಸಿಕ್ಕಿದೆ, ಪರಿಚಯದ ಬಳ್ಳಿ ಒಣಗಿದೆ. ನೀನು ಹೊಸದು ನೆಡಬೇಕು. ಒಂದು ಮಾತು ಕೇಳ್ತೀನಿ. ನಿನ್ನ ಪೀಸು ನಿನ್ನ ಶಾಪಿಂದ ಹೊರಟ ಮೇಲೆ ಯಾರ್ಯಾರ ಕೈಗೆ ಹೋಗುತ್ತೆ?

ಮಗಳು: ಗಿರಾಕಿಗೆ.

ಚಿಕ್ಕಪ್ಪ: ಸರಿಯಾಗಿ ಹೇಳು.

ಮಗಳು: ಕೆಲವು ಹೀಟ್ ಟ್ರೀಟ್‌ಮೆಂಟಿಗೆ. ಅಲ್ಲಿಂದ ಗ್ರೈಂಡಿಂಗ್‌ಗೆ, ನಿಮ್ಮ ಹತ್ರವೇ. ಆಮೇಲೆ ಪ್ಲೇಟಿಂಗ್. ಆಮೇಲೆ ಗಿರಾಕಿಯ ಇನ್‌ವರ್ಡ್ ಇನ್‌ಸ್ಪೆಕ್ಷನ್.

ಚಿಕ್ಕಪ್ಪ: ನೋಡು, ನಾಲ್ಕು ಮನೆ. ಹೀಟ್ ಟ್ರೀಟ್‌ಮೆಂಟಿನ ಅಂಗಳದಲ್ಲಿ ನಿಂತ್ರೆ ಊರಿನ ಕೆಲಸವೆಲ್ಲ ಬುಟ್ಟಿಬುಟ್ಟಿಯಾಗಿ ಕಾಣುತ್ತೆ. ಯಾರಿಗೆ ಕೆಲಸ ಹೆಚ್ಚಾಗಿದೆ, ಯಾರದು ಕಮ್ಮಿಯಾಗಿದೆ, ಯಾರ ಪೀಸು ಮೂರು ಸಲ ವಾಪಸು ಬಂತು, ಅಲ್ಲಿನ ಸೂಪರ್‌ವೈಸರಿಗೆ ಗೊತ್ತಿರುತ್ತೆ. ಇನ್‌ಸರ್ಟ್ ಮಾರೋ ಹುಡುಗ ದಿನಕ್ಕೆ ಹತ್ತು ಶಾಪ್ ಹತ್ತಿ ಇಳಿತಾನೆ. ಯಾರು ಹೊಸ ಮೆಷಿನ್ ಬುಕ್ ಮಾಡಿದ್ದಾರೆ, ಯಾರು ಸ್ಟೇನ್‌ಲೆಸ್ ಸ್ಟೀಲಿಗೆ ಒದ್ದಾಡ್ತಿದ್ದಾರೆ, ಅವನಿಗೆ ಗೊತ್ತು. ಗೇಜ್ ಕ್ಯಾಲಿಬ್ರೇಶನ್ ಮಾಡೋ ಲ್ಯಾಬಿನವನಿಗೂ ಗೊತ್ತು. ಇವರ ಜೊತೆ ನೀನು ಮಾತಾಡ್ತೀಯಾ?

ಮಗಳು: ಬಿಲ್ಲಿನ ವಿಷಯಕ್ಕೆ ಮಾತಾಡ್ತೀನಿ.

ಚಿಕ್ಕಪ್ಪ: ಇನ್‌ಸರ್ಟ್ ಹುಡುಗ ಬಂದಾಗ ಹತ್ತು ನಿಮಿಷ ಕೂರಿಸ್ಕೊ. ನಿಮ್ಮ ಶಾಪಲ್ಲಿ ಯಾವ ಕೆಲಸ ಚೆನ್ನಾಗಿ ಆಗುತ್ತೆ ಅಂತ ಅವನಿಗೆ ತೋರಿಸು. ಇನ್ನೊಬ್ಬರ ಗುಟ್ಟು ಕೆದಕಬೇಡ, ಹಾಗೆ ಕೆದಕಿದವರ ಗುಟ್ಟನ್ನೂ ಅವನು ಹೊತ್ತುಕೊಂಡು ಹೋಗ್ತಾನೆ. ಈಗ ನನ್ನ ಕೆಲಸದ್ದೇ ಹೇಳ್ತೀನಿ. ಶಾಫ್ಟ್ ಗ್ರೈಂಡ್ ಮಾಡಕ್ಕೆ ಬರುತ್ತೆ. ನಾನು ಡ್ರಾಯಿಂಗ್ ನೋಡೋಕೆ ಮುಂಚೆ ಸೆಂಟರ್ ಹೋಲ್ ನೋಡ್ತೀನಿ. ಶಾಫ್ಟು ತಿರುಗೋದು ಆ ಎರಡು ತೂತಿನ ಮೇಲೆ. ಅದರಲ್ಲಿ ಚಿಪ್ಸ್ ಕೂತಿದ್ರೆ, ಅಂಚು ಜಜ್ಜಿದ್ರೆ, ನಾನು ಎಷ್ಟೇ ಹುಷಾರಾಗಿ ಹೊಡೆದ್ರೂ ಡಯಾ ದುಂಡಗೆ ಬರಲ್ಲ. ಆಮೇಲೆ ಅಲೋಯನ್ಸ್ ನೋಡ್ತೀನಿ. ಗ್ರೈಂಡಿಂಗ್‌ಗೆ 0.3 ಮಿಲಿಮೀಟರ್ ಬಿಡಿ ಅಂದ್ರೆ ಒಬ್ಬ ಒಂದು ಪೀಸಿಗೆ 0.1 ಬಿಟ್ಟಿರ್ತಾನೆ, ಇನ್ನೊಂದಕ್ಕೆ 0.6. ನಿಮ್ಮ ಶಾಪಿಂದ ಬರೋ ಅರವತ್ತು ಪೀಸೂ ಒಂದೇ ಥರ ಇರ್ತವೆ, ಒಂದೊಂದೂ ಬರ್ ತೆಗೆದು ಎಣ್ಣೆ ಹಚ್ಚಿ ಪೇಪರಲ್ಲಿ ಸುತ್ತಿರುತ್ತೆ. ಇದನ್ನೆಲ್ಲ ನಾನು ಯಾರಿಗೂ ಬರೆದು ಕೊಟ್ಟಿಲ್ಲ. ಆದ್ರೆ, ಟರ್ನಿಂಗ್‌ಗೆ ಒಳ್ಳೆಯವರು ಯಾರಾದ್ರೂ ಇದ್ದಾರಾ ಯಜಮಾನ್ರೇ ಅಂತ ತಿಂಗಳಿಗೆ ಒಬ್ಬರಾದ್ರೂ ಕೇಳ್ತಾರೆ.

ಮಗಳು: ನಮ್ಮ ಹೆಸರು ಹೇಳಿದ್ದೀರಾ?

ಚಿಕ್ಕಪ್ಪ: ಮೂರು ಸಲ ಹೇಳಿದೆ. ಮೂರೂ ಸಲ ನಿಮ್ಮಪ್ಪ ಫೋನ್ ಎತ್ಲಿಲ್ಲ, ಎತ್ತಿದಾಗ ಡ್ರಾಯಿಂಗ್ ಕಳಿಸಿ ನೋಡ್ತೀನಿ ಅಂದು ಎರಡು ವಾರ ನೋಡ್ಲಿಲ್ಲ. ಕೈ ತುಂಬ ಕೆಲಸ ಇತ್ತಲ್ಲ. ಆಮೇಲೆ ನಾನು ಹೇಳೋದು ಬಿಟ್ಟೆ. ಹೇಳಿದವನ ಮಾನವೂ ಹೋಗುತ್ತೆ ನೋಡು.

ಮಗಳು: ಇದು ನಂಗೆ ಗೊತ್ತೇ ಇರ್ಲಿಲ್ಲ.

ಚಿಕ್ಕಪ್ಪ: ಅವನ ಡೈರಿಗಳು ಇವೆಯಲ್ಲ, ನೀಲಿ ರಟ್ಟಿನವು? ಫೋನ್ ಬಂದದ್ದನ್ನೆಲ್ಲ ಬರೆದಿಡೋ ಅಭ್ಯಾಸ ಅವನಿಗೆ. ಇನ್ನೂರು ಕಂಪನಿ ಪಟ್ಟಿ ಪಕ್ಕಕ್ಕಿಡು. ಇವತ್ತು ಸಾಯಂಕಾಲ ಆ ಡೈರಿ ತೆಗೆದು ಕೂತ್ಕೋ. ಕೇಳಿ ಬಂದು ಬರಿಗೈಲಿ ಹೋದವರು ಹದಿನೈದೋ ಇಪ್ಪತ್ತೋ ಸಿಗ್ತಾರೆ. ಅವರಿಗೆ ಫೋನ್ ಮಾಡಿ, ಆಗ ಉತ್ತರ ಕೊಡಕ್ಕಾಗ್ಲಿಲ್ಲ, ತಪ್ಪಾಯ್ತು, ಈಗ ಮೆಷಿನ್ ಖಾಲಿ ಇದೆ ಅಂತ ಇದ್ದದ್ದನ್ನ ಇದ್ದ ಹಾಗೆ ಹೇಳು. ಇನ್ನು ಮುಂದೆ ಯಾವ ಡ್ರಾಯಿಂಗ್ ಬಂದ್ರೂ ಎರಡು ದಿನದೊಳಗೆ ಉತ್ತರ ಹೋಗಬೇಕು. ಆಗಲ್ಲ ಅಂದ್ರೆ ಆಗಲ್ಲ ಅಂತ, ಯಾಕೆ ಆಗಲ್ಲ ಅಂತ. ನಾನು ಆಗಲ್ಲ ಅಂದು, ಆಗೋ ಶಾಪಿನ ನಂಬರ್ ಕೊಟ್ಟ ಗಿರಾಕಿಗಳು ಮುಂದೊಂದು ದಿನ ಬೇರೆ ಕೆಲಸ ತಂದಿದ್ದಾರೆ.

ಮಗಳು: ಒಂದು ಅನುಮಾನ ಚಿಕ್ಕಪ್ಪ. ನಾವು ಮಾಡೋದೆಲ್ಲ ಇಂಜಿನ್ನಿನ ಪೀಸು. ಹೊಸ ಗಿರಾಕಿ ಸಿಕ್ಕಿದ್ರೂ ಇಂಜಿನ್ನಿನ ಪೀಸೇ ಸಿಕ್ಕಿದ್ರೆ? ಎಲ್ಲರೂ ಬ್ಯಾಟರಿ ಗಾಡಿ ಅಂತಿದ್ದಾರೆ.

ಚಿಕ್ಕಪ್ಪ: ಒಳ್ಳೇ ಅನುಮಾನ. ಹಿಂದಿನ ರಸ್ತೆಯಲ್ಲಿ ಒಂದು ಶಾಪಿತ್ತು. ಬೈಕಿನ ಕಾರ್ಬುರೇಟರಿಗೆ ಹೋಗೋ ಹಿತ್ತಾಳೆ ಪೀಸು ಮಾಡ್ತಿದ್ರು. ಸಾಸಿವೆ ಥರದ ಸಣ್ಣ ಪೀಸು, ಅದರಲ್ಲಿ ಕೂದಲೆಳೆಯ ತೂತು. ಅಂಥ ಕೈ ಇನ್ನೊಬ್ಬರಿಗಿರ್ಲಿಲ್ಲ. ಭಾರತ್ ಸ್ಟೇಜ್ 4ರಿಂದ ಐದನ್ನ ಹಾರಿ ನೇರ ಆರಕ್ಕೆ ಹೋಗ್ತೀವಿ ಅಂತ ಸರ್ಕಾರ 2016ರ ಜನವರಿಯಲ್ಲೇ ಹೇಳಿತ್ತು. ಜಾರಿಗೆ ಬಂದದ್ದು 2020ರ ಏಪ್ರಿಲ್ 1. ಆ ಹೊಗೆ ಮಿತಿಗೆ ಬೈಕುಗಳು ಹೆಚ್ಚುಪಾಲು ಫ್ಯುಯಲ್ ಇಂಜೆಕ್ಷನ್ನಿಗೆ ಹೋದ್ವು, ಕಾರ್ಬುರೇಟರ್ ಹೋಯ್ತು. ನಾಲ್ಕು ವರ್ಷ ಮುಂಚೆ ಗೊತ್ತಿದ್ದ ತಾರೀಕು. ಅವರು ಕೊನೇ ವಾರದವರೆಗೂ ಅದೇ ಪೀಸು ಹೊಡೀತಿದ್ರು. ಆ ವಾರವೇ ಲಾಕ್‌ಡೌನೂ ಬಂತು. ಎರಡು ಏಟು ಒಟ್ಟಿಗೆ.

ಮಗಳು: ಶಾಪ್ ಮುಚ್ಚಿದ್ರಾ?

ಚಿಕ್ಕಪ್ಪ: ಮುಚ್ಚೋ ಹಾಗಾಗಿತ್ತು. ಆ ಶಾಪಿನವರ ಹೆಂಡತಿಯ ತಮ್ಮ ಒಬ್ಬ ಎಲೆಕ್ಟ್ರಿಕಲ್ ಕನೆಕ್ಟರ್ ಮಾಡೋ ಕಡೆ ಕೆಲಸಕ್ಕಿದ್ದ. ಕನೆಕ್ಟರಿನ ಪಿನ್ನೂ ಹಿತ್ತಾಳೆ, ಅದೂ ಸಣ್ಣದು, ಅದೂ ಸಾವಿರಗಟ್ಟಲೆ. ಅವರಿಗೆ ಆಗ ಹೊಳೆಯಿತು, ನಮ್ಮ ಕಸುಬು ಕಾರ್ಬುರೇಟರ್ ಅಲ್ಲ, ಸಣ್ಣ ಹಿತ್ತಾಳೆ ಪೀಸು ಅಂತ. ಈಗ ಆ ಪಿನ್ನು ಬ್ಯಾಟರಿ ಗಾಡಿಗೂ ಹೋಗ್ತಿರಬಹುದು. ಪೀಸು ಯಾವ ಗಾಡಿಗೆ ಹೋಗುತ್ತೆ ಅಂತ ಲೆಕ್ಕ ಹಾಕ್ತಾ ಕೂತ್ರೆ ನಿನಗೆ ನಿದ್ದೆ ಬರಲ್ಲ. ನಿನ್ನ ಶಾಪು ಎಂಥ ಪೀಸು ಚೆನ್ನಾಗಿ ಮಾಡುತ್ತೆ ಅಂತ ನೋಡು.

ಮಗಳು: ನಮ್ಮದರಲ್ಲಿ ವಿಶೇಷ ಅನ್ನೋಂಥದ್ದು ಏನೂ ಇಲ್ಲ ಚಿಕ್ಕಪ್ಪ. ಟರ್ನಿಂಗ್, ಅಷ್ಟೆ.

(ಅವಳು ಮಾತಾಡುತ್ತಲೇ ಟ್ರೇಯಿಂದ ಒಂದು ಬುಷ್ ಎತ್ತಿಕೊಂಡು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದಾಳೆ. ಅಂಗೈಯಗಲದ ಬುಷ್, ಗೋಡೆ ಮೂರು ಮಿಲಿಮೀಟರ್ ದಪ್ಪ.)

ಮಗಳು: ಇದು ರಿಜೆಕ್ಟ್ ಆಗಿರೋದಾ?

ಚಿಕ್ಕಪ್ಪ: ಯಾಕೆ ಹಾಗಂತೀಯ?

ಮಗಳು: ಹೊರಗಡೆ ಮೂರು ಕಡೆ ಜಾ ಗುರುತಿದೆ ನೋಡಿ. ಹಾರ್ಡ್ ಜಾದಲ್ಲಿ ಬಿಗಿಯಾಗಿ ಹಿಡಿದು ಬೋರಿಂಗ್ ಮಾಡಿದ್ದಾರೆ. ಒಳಗೆ ಮೂರು ಮೂಲೆ ಆಗಿರುತ್ತೆ.

ಚಿಕ್ಕಪ್ಪ: ಅಳತೆ ಮಾಡದೇ ಹೇಳ್ತಿದ್ದೀಯಲ್ಲ?

ಮಗಳು: ಅಳತೆ ಮಾಡಿದ್ರೂ ಸಿಗಲ್ಲ ಅದು. ಇಷ್ಟು ತೆಳುವಿರೋದನ್ನ ಮೂರು ಜಾದಲ್ಲಿ ಒತ್ತಿದ್ರೆ ಮೂರು ಕಡೆ ಒಳಕ್ಕೆ ಬಗ್ಗುತ್ತೆ. ಬಗ್ಗಿರುವಾಗಲೇ ಬೋರ್ ಮಾಡಿದ್ರೆ ಮೆಷಿನ್ ಮೇಲೆ ದುಂಡಗೇ ಇರುತ್ತೆ. ಚಕ್ ಬಿಚ್ಚಿದ ತಕ್ಷಣ ಹೊರಮೈ ಮೊದಲಿನ ಹಾಗೆ ಆಗುತ್ತೆ, ಬೋರ್ ಕೆಡುತ್ತೆ. ಎರಡು ಕಡೆ ತಾಗೋ ಬೋರ್ ಗೇಜ್ ಹಾಕಿದ್ರೆ ಒಂದು ಕಡೆ ಮೂಲೆ, ಎದುರುಗಡೆ ಉಬ್ಬು, ಎಲ್ಲೆಲ್ಲಿ ತಿರುಗಿಸಿದ್ರೂ ಒಂದೇ ಅಳತೆ ತೋರಿಸುತ್ತೆ. ಆಪರೇಟರ್ ಓಕೆ ಅಂತ ಕಳಿಸ್ತಾನೆ, ಗಿರಾಕಿ ಹತ್ರ ಪ್ಲಗ್ ಗೇಜ್ ಹೋಗಲ್ಲ. ಮೂರು ಕಡೆ ತಾಗೋ ಮೈಕ್ರೋಮೀಟರ್ ಹಾಕಿ ತಿರುಗಿಸಿದ್ರೆ ಮಾತ್ರ ಗೊತ್ತಾಗೋದು.

ಚಿಕ್ಕಪ್ಪ: ಮುಂದೆ ಹೇಳು. ನೀವು ಹೇಗೆ ಮಾಡ್ತೀರಿ?

ಮಗಳು: ಅಪ್ಪ ಅದಕ್ಕೆ ಅಂತಲೇ ಸಾಫ್ಟ್ ಜಾ ಮಾಡಿಟ್ಟಿದ್ದಾರಲ್ಲ. ಬುಷ್ಷಿನ ಹೊರ ಅಳತೆಗೆ ಸರಿಯಾಗಿ ಮೆಷಿನ್ ಮೇಲೆಯೇ ಬೋರ್ ಮಾಡಿಕೊಳ್ಳೋ ಅಗಲ ಜಾ. ಹಿಡಿದ್ರೆ ಸುತ್ತಲೂ ಕೈಯಲ್ಲಿ ಅಪ್ಪಿಕೊಂಡ ಹಾಗೆ ಇರುತ್ತೆ. ರಫ್ ಮಾಡಿದ ಮೇಲೆ ಒಮ್ಮೆ ಸಡಿಲ ಬಿಟ್ಟು, ಚಕ್ ಪ್ರೆಶರ್ ಇಳಿಸಿ, ಮತ್ತೆ ಹಿಡಿದು ಫಿನಿಶ್. ತಿಂಗಳಿಗೆ ನಾನೂರು ಇಂಥವು ಮಾಡ್ತಿದ್ವಿ. ಸೈಕಲ್ ಟೈಮ್ ಜಾಸ್ತಿ ಆಗುತ್ತೆ ಅಂತ ಎಲ್ಲರಿಗೂ ಬೇಜಾರು ಆ ಕೆಲಸ.

ಚಿಕ್ಕಪ್ಪ: ವಿಶೇಷ ಏನೂ ಇಲ್ಲ ಅಂದೆಯಲ್ಲಮ್ಮ ಈಗ!

ಮಗಳು: ಇದು ಎಲ್ಲರಿಗೂ ಗೊತ್ತಿರೋದಲ್ವಾ?

ಚಿಕ್ಕಪ್ಪ: ಗೊತ್ತಿದ್ರೆ ಈ ಟ್ರೇ ನನ್ನ ಮೇಜಿನ ಮೇಲೆ ಇರ್ತಿತ್ತಾ? ಹೊರಮೈ ಗ್ರೈಂಡ್ ಮಾಡಕ್ಕೆ ಕಳಿಸಿದ್ದಾರೆ. ಮ್ಯಾಂಡ್ರೆಲ್ ಮೇಲೆ ಏರಿಸಿದ್ರೆ ಮೂರೇ ಕಡೆ ಹಿಡಿಯುತ್ತೆ. ಎರಡನೇ ಲಾಟ್ ಇದು, ಹೀಗೇ ಬಂದಿದೆ. ನಿನಗೆ ಬೇಜಾರಿನ ಕೆಲಸ, ಇನ್ನೊಬ್ಬನಿಗೆ ಆಗದ ಕೆಲಸ. ಅಲ್ಲೇ ನಿನ್ನ ಗಿರಾಕಿ ಇರೋದು. ಆ ಪ್ರೊಫೈಲ್ ಹರಿದು ಹಾಕು. ಒಂದೇ ಹಾಳೆ ಮಾಡು. ತೆಳು ಗೋಡೆಯ ಬುಷ್ಷು, ಇಷ್ಟು ಅಳತೆಯಿಂದ ಇಷ್ಟು ಅಳತೆವರೆಗೆ, ಬೋರಿನ ದುಂಡು ಇಷ್ಟು ಮೈಕ್ರಾನ್ ಒಳಗೆ, ತಿಂಗಳಿಗೆ ಇಷ್ಟು ಪೀಸು. ಕೆಳಗೆ ಒಂದು ಫೋಟೊ.

ಮಗಳು: ಫೋಟೊ ಇದೆ, ಹಳೇ ಗಿರಾಕಿಯ ಬುಷ್ಷಿನದು.

ಚಿಕ್ಕಪ್ಪ: ಬೇಡ. ಅದು ಅವರ ಡ್ರಾಯಿಂಗ್, ಅವರ ಸೊತ್ತು. ಅವರು ಬಿಟ್ಟುಹೋದ್ರೂ ಹಾಕಬಾರದು. ನಿನ್ನ ಹಾಳೆ ನೋಡಿದ ಹೊಸಬನಿಗೆ, ನಾಳೆ ನನ್ನ ಪೀಸೂ ಹೀಗೇ ಬೀದಿಗೆ ಬರುತ್ತೆ ಅನ್ನಿಸುತ್ತೆ. ಉಳಿದ ಪೈಪಿನ ತುಂಡಲ್ಲಿ ನಿನ್ನದೇ ಅಳತೆಯ ಒಂದು ಬುಷ್ ಮಾಡು. ಅದಕ್ಕೊಂದು ಇನ್‌ಸ್ಪೆಕ್ಷನ್ ರಿಪೋರ್ಟ್ ಬರೆಸು. ಬ್ಯಾಗಲ್ಲಿ ಇಟ್ಕೊಂಡೇ ಓಡಾಡು. ಗೇಟಲ್ಲಿ ಕಾರ್ಡ್ ಡಬ್ಬಕ್ಕೆ ಹೋಗುತ್ತೆ, ಆ ಬುಷ್ಷು ಡಬ್ಬಕ್ಕೆ ಹೋಗಲ್ಲ. ಯಾರೋ ಒಬ್ಬರು ಕೈಯಲ್ಲಿ ಹಿಡ್ಕೊಂಡು ಒಳಗೆ ಹೋಗಿ ಯಾರಿಗೋ ತೋರಿಸ್ತಾರೆ.

ಮಗಳು: ದರ ಇಳಿಸಬೇಕಾ? ಬೊಮ್ಮಸಂದ್ರದಲ್ಲಿ ಒಬ್ಬರು ಫೋನಲ್ಲಿ ಸಿಕ್ಕಿದ್ರು. ಗಂಟೆಗೆ 525ಕ್ಕೆ ಮಾಡ್ತೀರಾದ್ರೆ ನಾಳೆಯೇ ಕೊಡ್ತೀನಿ ಅಂದ್ರು.

ಚಿಕ್ಕಪ್ಪ: ನಿನಗೆ ಗಂಟೆಗೆ ಎಷ್ಟು ಬೀಳುತ್ತೆ?

ಮಗಳು: ಲೆಕ್ಕ ಹಾಕಿದೆ. ಒಂದು ಮೆಷಿನ್ನಿಗೆ ಕಂತು 80,000. ಎರಡು ಶಿಫ್ಟಿನ ಇಬ್ಬರು ಆಪರೇಟರಿಗೆ 50,000. ಬಾಡಿಗೆ, ಕರೆಂಟು ಸೇರಿ 45,000. ಇನ್‌ಸರ್ಟು, ಕೂಲಂಟು, ರಿಪೇರಿಗೆ 35,000. ತಿಂಗಳಿಗೆ 2,10,000. ಇಪ್ಪತ್ತೈದು ದಿನ, ದಿನಕ್ಕೆ ಹದಿನಾರು ಗಂಟೆ, 400 ಗಂಟೆ. ಗಂಟೆಗೆ 525. ಅವರು ಕೇಳಿದ್ದೂ ಅದೇ. ಲಾಭ ಇಲ್ಲದಿದ್ರೂ ನಷ್ಟ ಇಲ್ಲವಲ್ಲ ಅಂತ ಆಸೆ ಆಯ್ತು.

ಚಿಕ್ಕಪ್ಪ: ನಾನೂರು ಗಂಟೆ ಮೆಷಿನ್ ಎಲ್ಲಮ್ಮ ಓಡುತ್ತೆ? ಸೆಟ್ಟಿಂಗು, ಮೊದಲ ಪೀಸಿನ ಇನ್‌ಸ್ಪೆಕ್ಷನ್ನು, ಟೂಲ್ ಬದಲಾವಣೆ, ಕರೆಂಟ್ ಹೋದದ್ದು, ಆಪರೇಟರ್ ಊರಿಗೆ ಹೋದದ್ದು. ನೂರಕ್ಕೆ ಎಪ್ಪತ್ತು ಓಡಿದ್ರೆ ಪುಣ್ಯ. ಅಂದ್ರೆ 280 ಗಂಟೆ. ಅದಕ್ಕೆ ಭಾಗಿಸು.

ಮಗಳು: 750.

ಚಿಕ್ಕಪ್ಪ: ಗಂಟೆಗೆ 225 ರೂಪಾಯಿ ನಿನ್ನ ಜೇಬಿಂದ ಹಾಕಿ ಅವರ ಪೀಸು ಮಾಡಿಕೊಟ್ಟ ಹಾಗಾಯ್ತು. ಇದರಲ್ಲಿ ನಿನ್ನ ಸಂಬಳ ಇಲ್ಲ, ಮೆಷಿನ್ ಹಳೇದಾದಾಗ ಹೊಸದಕ್ಕೆ ದುಡ್ಡಿಲ್ಲ. ಹೆದರಿಕೆಯಲ್ಲಿ ಒಪ್ಪಿಕೊಂಡ ಕೆಲಸದ ಕೆಟ್ಟ ಗುಣ ಏನು ಗೊತ್ತಾ? ಅದು ಮೆಷಿನ್ನನ್ನ ತುಂಬಿಬಿಡುತ್ತೆ. ನಿಜವಾದ ಗಿರಾಕಿ ಬಂದಾಗ ಜಾಗ ಇರಲ್ಲ. ನಾನು ಈ ಪೀಣ್ಯದಲ್ಲಿ ಕೆಲಸ ಇಲ್ಲದೇ ಮುಳುಗಿದವರನ್ನೂ ನೋಡಿದ್ದೀನಿ, ತುಂಬ ಕೆಲಸ ಇದ್ದು ಮುಳುಗಿದವರನ್ನೂ ನೋಡಿದ್ದೀನಿ. ಎರಡನೆಯವರ ಸಂಕಟ ನೋಡಕ್ಕಾಗಲ್ಲ. ಹಗಲು ರಾತ್ರಿ ದುಡಿದು ಸಾಲ ಮಾಡಿಕೊಂಡಿರ್ತಾರೆ.

ಮಗಳು: ಸರ್ಕಾರಿ ಕಂಪನಿಗಳ ಕೆಲಸಕ್ಕೆ ಪ್ರಯತ್ನ ಪಡಲಾ? ಹೆಂಗಸರ ಹೆಸರಲ್ಲಿ ಶಾಪ್ ಇದ್ರೆ ಅನುಕೂಲ ಇದೆ ಅಂತಾರೆ. ಈಗ ಎಲ್ಲ ನನ್ನ ಹೆಸರಲ್ಲೇ ಇದೆ.

ಚಿಕ್ಕಪ್ಪ: ಖಂಡಿತ ಪಡು. ಕೇಂದ್ರ ಸರ್ಕಾರದ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ತಮ್ಮ ಖರೀದಿಯಲ್ಲಿ ನೂರಕ್ಕೆ 25 ಭಾಗ ಸಣ್ಣ, ಅತಿಸಣ್ಣ ಉದ್ಯಮಗಳಿಂದ ತಗೊಳ್ಳಬೇಕು ಅಂತ ನಿಯಮವಿದೆ. 2012ರಲ್ಲಿ 20 ಇತ್ತು, 2018ರಲ್ಲಿ 25 ಮಾಡಿದ್ರು, ಅದರೊಳಗೆ ಹೆಂಗಸರ ಉದ್ಯಮಗಳಿಗೆ ಅಂತ 3 ಭಾಗ ಸೇರಿಸಿದ್ರು. ಟೆಂಡರಿಗೆ ಠೇವಣಿ ಕಟ್ಟಬೇಕಾಗಿಲ್ಲ. ಉದ್ಯಮ್ ನೋಂದಣಿ ನಿನ್ನ ಹೆಸರಿಗೆ ಸರಿಯಾಗಿದೆಯಾ ನೋಡ್ಕೊ. ಆದ್ರೆ ಒಂದು ತಿಳ್ಕೊ, ಡ್ರಾಯಿಂಗ್ ಪ್ರಕಾರ ಮಾಡೋ ಪೀಸು ಕುರ್ಚಿ, ಫ್ಯಾನು ಮಾರಿದ ಹಾಗೆ ಸರ್ಕಾರಿ ಖರೀದಿ ಪೋರ್ಟಲಲ್ಲಿ ಸುಲಭವಾಗಿ ಮಾರಾಟವಾಗಲ್ಲ. ಆಯಾ ಕಾರ್ಖಾನೆಯಲ್ಲಿ ವೆಂಡರ್ ಆಗಿ ರಿಜಿಸ್ಟರ್ ಆಗಬೇಕು, ಅವರು ಬಂದು ಶಾಪ್ ನೋಡಬೇಕು, ಮೊದಲು ಸಣ್ಣ ಆರ್ಡರ್ ಕೊಟ್ಟು ನೋಡ್ತಾರೆ. ತಿಂಗಳುಗಟ್ಟಲೆ ಹಿಡಿಯುತ್ತೆ. ವಿಮಾನದ ಪೀಸಂತೂ ಎಎಸ್ 9100 ಸರ್ಟಿಫಿಕೇಟ್ ಇಲ್ಲದೇ ಬಾಗಿಲೇ ತಟ್ಟೋ ಹಾಗಿಲ್ಲ. ಈ ತಿಂಗಳ ಸಂಬಳಕ್ಕೆ ಅದು ಉತ್ತರ ಅಲ್ಲ. ಎರಡು ವರ್ಷದ ಮೇಲಿನ ಸಂಬಳಕ್ಕೆ ಇವತ್ತೇ ಅರ್ಜಿ ಹಾಕಬೇಕು.

ಮಗಳು: ಇಮ್‌ಟೆಕ್ಸ್ ಮೆಷಿನ್ ಪ್ರದರ್ಶನದಲ್ಲಿ ಒಂದು ಸ್ಟಾಲ್ ಹಾಕಿದ್ರೆ?

ಚಿಕ್ಕಪ್ಪ: ಸ್ಟಾಲಿನ ದುಡ್ಡಲ್ಲಿ ಹೊಸ ಮೂರು-ಬಿಂದು ಮೈಕ್ರೋಮೀಟರ್ ಕೊಂಡ್ಕೊ, ಮಿಕ್ಕಿದ್ದು ಸಂಬಳಕ್ಕಾಗುತ್ತೆ. ಬೆಸ ವರ್ಷದ ಜನವರಿಯಲ್ಲಿ ಕಟಿಂಗ್ ಮೆಷಿನ್ನುಗಳ ಪ್ರದರ್ಶನ ಇರುತ್ತೆ, ನೋಡೋಕೆ ಹೋಗು. ಮೊದಲಾದ್ರೆ ತುಮಕೂರು ರಸ್ತೆ ಟ್ರಾಫಿಕ್ಕಲ್ಲಿ ಅರ್ಧ ದಿನ ಹೋಗ್ತಿತ್ತು, 2024ರ ನವೆಂಬರಿಂದ ಮೆಟ್ರೊ ಮಾದಾವರದ ತನಕ ಇದೆ, ಬಾಗಿಲಲ್ಲೇ ಇಳಿಸುತ್ತೆ. ಮೆಷಿನ್ ಮಾರೋರ ಅಪ್ಲಿಕೇಶನ್ ಇಂಜಿನಿಯರುಗಳ ಜೊತೆ ಮಾತಾಡು. ಮೆಷಿನ್ ಬುಕ್ ಮಾಡಿ ಡೆಲಿವರಿಗೆ ಆರು ತಿಂಗಳು ಕಾಯ್ತಿರೋ ಕಾರ್ಖಾನೆ ಯಾವುದು ಅಂತ ಅವರಿಗೆ ಗೊತ್ತಿರುತ್ತೆ. ಆ ಆರು ತಿಂಗಳು ಅವರ ಕೆಲಸ ಎಲ್ಲೋ ಹೊರಗೆ ಆಗಲೇಬೇಕಲ್ಲ.

ಮಗಳು: ಇನ್ನೊಂದು. ಹೊಸ ಗಿರಾಕಿ ದುಡ್ಡು ಸರಿಯಾಗಿ ಕೊಡ್ತಾರಾ ಅಂತ ಹೇಗೆ ತಿಳ್ಕೊಳ್ಳೋದು? ಹೋದ ವರ್ಷ ಒಬ್ಬರು ಏಳು ತಿಂಗಳು ಸತಾಯಿಸಿದ್ರು.

ಚಿಕ್ಕಪ್ಪ: ಅವರ ಹೀಟ್ ಟ್ರೀಟ್‌ಮೆಂಟಿನವರನ್ನ, ಪ್ಲೇಟಿಂಗಿನವರನ್ನ ಕೇಳು. ಅವರ ಬಾಕಿಯೇ ನಿನ್ನ ಬಾಕಿಯ ಮುನ್ಸೂಚನೆ. ಕಾನೂನು ನಮ್ಮ ಕಡೆ ಇದೆ. ಸಣ್ಣ ಉದ್ಯಮಗಳ 2006ರ ಕಾಯ್ದೆ ಪ್ರಕಾರ ಬರೆದುಕೊಂಡ ಒಪ್ಪಂದ ಇದ್ರೂ ದುಡ್ಡು ಕೊಡೋಕೆ 45 ದಿನ ಮೀರುವಂತಿಲ್ಲ, ಮೀರಿದ್ರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. 2024ರ ಏಪ್ರಿಲಿಂದ ಇನ್ನೊಂದು ಬಂದಿದೆ. ಅವಧಿ ಮೀರಿದ ಬಾಕಿಯನ್ನ ಕೊಡೋವರೆಗೂ ಅವರು ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸಕ್ಕಾಗಲ್ಲ. ಇದಕ್ಕೆ ಮಾತ್ರ ದೊಡ್ಡ ಕಂಪನಿಯವರೂ ಹೆದರ್ತಾರೆ. ಹೊಸಬರ ಹತ್ರ ಕಾನೂನು ಎತ್ತಿ ಜಗಳಕ್ಕೆ ಹೋಗಬೇಡ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ದಪ್ಪಗೆ ಹಾಕು. ಆರ್ಡರ್ ಬರುವಾಗಲೇ ಯಾವ ತಾರೀಕು ದುಡ್ಡು ಅಂತ ಕೇಳು. ಕೇಳಿದ್ದಕ್ಕೆ ಬೇಜಾರು ಮಾಡ್ಕೊಳ್ಳೋ ಗಿರಾಕಿ ಇದ್ದಾನಲ್ಲ, ಅವನು ಹೋದ್ರೆ ಹೋಗಲಿ.

ಮಗಳು: ಈ ಬುಷ್ಷು ಯಾರದು ಚಿಕ್ಕಪ್ಪ?

ಚಿಕ್ಕಪ್ಪ: ಅವರನ್ನ ಕೇಳದೇ ಹೆಸರು ಹೇಳಲ್ಲ.

ಮಗಳು: ಅಲ್ಲ, ಇದನ್ನ ಮಾಡಿದವರೂ ನಮ್ಮ ಹಾಗೇ ಒಂದು ಟರ್ನಿಂಗ್ ಶಾಪ್ ತಾನೇ? ಅವರ ಗಿರಾಕಿಯನ್ನ ನಾನು ಕಿತ್ಕೊಂಡ ಹಾಗಾಗಲ್ವಾ? ಅವರ ಶಾಪಲ್ಲೂ ಸಂಬಳಕ್ಕೆ ಕಾಯೋ ಹುಡುಗರಿರ್ತಾರೆ.

ಚಿಕ್ಕಪ್ಪ: ನಿಮ್ಮಪ್ಪನ ಮಗಳೇ ನೀನು. ಕಿತ್ಕೊಳ್ಳೋ ಮಾತಲ್ಲ ಇದು. ಅವನಿಗೆ ಕೈ ತುಂಬ ಕೆಲಸ ಇದೆ, ಹೌಸಿಂಗು, ಫ್ಲಾಂಜು ಎಲ್ಲ ಚೆನ್ನಾಗಿ ಮಾಡ್ತಾನೆ. ಈ ಒಂದು ಬುಷ್ಷು ಅವನ ನಿದ್ದೆ ಕೆಡಿಸಿದೆ. ಅವನೇ ನಿನ್ನ ಗಿರಾಕಿ ಆಗಲಿ. ಬುಷ್ಷು ನಿನ್ನಲ್ಲಿ ಆಗಲಿ, ಅವನ ಹೆಸರಲ್ಲೇ ಹೋಗಲಿ. ನಾನು ಈ ಶೆಡ್ ನಡೆಸ್ತಿರೋದೇ ಹೀಗೆ, ನನ್ನ ಗಿರಾಕಿಗಳೆಲ್ಲ ಇನ್ನೊಂದು ಶಾಪಿನವರೇ. ಪಕ್ಕದ ಶಾಪನ್ನ ಎದುರಾಳಿ ಅಂತ ನೋಡಿ ನೋಡಿ ಎಷ್ಟು ಕೆಲಸ ಕಳ್ಕೊಳ್ತೀವೋ ಲೆಕ್ಕ ಇಟ್ಟವರಿಲ್ಲ. ತಡಿ.

(ಫೋನ್ ತೆಗೆದು ಒಂದು ನಂಬರ್ ಒತ್ತುತ್ತಾರೆ. ಆ ಕಡೆ ಬಹಳ ಹೊತ್ತು ರಿಂಗಾಗುತ್ತದೆ.)

ಚಿಕ್ಕಪ್ಪ: ಹಲೋ, ಭಾನುವಾರ ತೊಂದರೆ ಕೊಟ್ಟೆ. ನಿಮ್ಮ ಬುಷ್ಷು ಗ್ರೈಂಡ್ ಮಾಡೋ ಹಾಗಿಲ್ಲ, ಒಳಗೆ ಮೂರು ಮೂಲೆ ಆಗಿದೆ. ಹ್ಞಾಂ, ಬೋರ್ ಗೇಜಿಗೆ ಸಿಗಲ್ಲ ಅದು. ಮಾಡೋರು ಒಬ್ಬರಿದ್ದಾರೆ, ನನ್ನ ಎದುರಿಗೇ ಕೂತಿದ್ದಾರೆ. ಅವರ ನಂಬರ್ ಕೊಡಲಾ? ಡ್ರಾಯಿಂಗ್ ಇವತ್ತೇ ಕಳಿಸ್ತೀರಾ? ಆಗಲಿ.

ಮಗಳು: ಏನಂದ್ರು?

ಚಿಕ್ಕಪ್ಪ: ಬುಧವಾರದೊಳಗೆ ಸ್ಯಾಂಪಲ್ ಬೇಕಂತೆ. ಮೂರು ಪೀಸು ಮಾಡು. ಮೆಟೀರಿಯಲ್ ಅವರದೇ.

ಮಗಳು: ಸ್ಯಾಂಪಲ್ ಅಲ್ವಾ, ಬಿಟ್ಟಿ ಮಾಡಿಕೊಡ್ತೀನಿ.

ಚಿಕ್ಕಪ್ಪ: ಬೇಡ. ಸಾಫ್ಟ್ ಜಾ ಬೋರ್ ಮಾಡೋಕೆ ಎಷ್ಟು ಹೊತ್ತು ಬೇಕು?

ಮಗಳು: ಸೆಟ್ಟಿಂಗೆಲ್ಲ ಸೇರಿ ಮೂರು ಗಂಟೆ.

ಚಿಕ್ಕಪ್ಪ: ಮೂರು ಗಂಟೆಗೆ ಬಿಲ್ ಮಾಡು. 750ರ ಲೆಕ್ಕದಲ್ಲಿ. ಕೊಡುವಾಗ ನೀನೇ ಹೋಗು, ಮೈಕ್ರೋಮೀಟರ್ ತಗೊಂಡು ಹೋಗಿ ಅವರ ಎದುರಿಗೇ ತಿರುಗಿಸಿ ತೋರಿಸು. ಹೋಗುವಾಗ ಅಪ್ಪನನ್ನೂ ಕರ್ಕೊಂಡು ಹೋಗು. ಗಿಡಕ್ಕೆ ಆಮೇಲೆ ನೀರು ಹಾಕಲಿ.